ಒಬ್ಬರೇ ಹಾಜರಿದ್ದ ಸಭೆ

ಸಭೆ ಹತ್ತು ಗಂಟೆಗೆ ಎಂದು ಅವಳೇ ನಿಶ್ಚಯಿಸಿಕೊಂಡಿದ್ದಳು. ಬರಬೇಕಾದವಳೂ ಅವಳೊಬ್ಬಳೇ. ಆದರೂ ಹತ್ತೂಕಾಲು ಕಳೆದರೂ ಸಭೆ ಶುರುವಾಗಿರಲಿಲ್ಲ. ಊಟದ ಮೇಜಿನ ಮೇಲೆ ಗಂಡ ಬಿಟ್ಟುಹೋದ ಕಾಫಿ ಲೋಟವನ್ನು ಅವಳು ಎತ್ತಿಡಲಿಲ್ಲ. ಎತ್ತಿಟ್ಟರೆ ತೊಳೆಯೋಣ ಎನ್ನಿಸುತ್ತದೆ, ತೊಳೆಯಲು ಹೋದರೆ ಸಿಂಕಿನಲ್ಲಿರುವ ಉಳಿದದ್ದೂ ಕಣ್ಣಿಗೆ ಬೀಳುತ್ತದೆ, ಅದೆಲ್ಲ ಮುಗಿಯುವಷ್ಟರಲ್ಲಿ ಸಿಟ್ಟು ಆರಿಹೋಗುತ್ತದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಎಷ್ಟು ಸಿಟ್ಟುಗಳನ್ನು ಹೀಗೆ ಪಾತ್ರೆಯ ಜೊತೆ ತೊಳೆದು ಬೋರಲು ಹಾಕಿದ್ದಳೋ ಲೆಕ್ಕವಿಲ್ಲ. ಇವತ್ತು ಬೇಡ. ಲೋಟದ ಪಕ್ಕದಲ್ಲೇ ಆಡಿಟರು ಕಳಿಸಿದ್ದ ಕಂದು ಲಕೋಟೆಯನ್ನು ಇಟ್ಟುಕೊಂಡು, ಕುರ್ಚಿ ಎಳೆದು, ಕೆಲಸಕ್ಕೆ ಹೋಗುವಾಗ ಕೂರುವಂತೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಲೆಕ್ಕದ ವರ್ಷ ಮುಗಿಯುವ ದಿನ. ಸಂಜೆ ಐದರೊಳಗೆ ಈ ಕಾಗದಗಳು ರುಜುವಾಗಿ ಆಡಿಟರ ಮೇಜು ಸೇರಬೇಕು.

ಲಕೋಟೆಯೊಳಗೆ ನಾಲ್ಕು ಸಭೆಗಳ ನಡಾವಳಿ ಇತ್ತು. ನಾಲ್ಕೂ ಅವಳ ಕಂಪನಿಯ ಆಡಳಿತ ಮಂಡಳಿಯ ಸಭೆಗಳು, ಮೂರು ಮೂರು ತಿಂಗಳಿಗೊಂದರಂತೆ ವರ್ಷವಿಡೀ ನಡೆದಂಥವು. ನಡೆದವು ಎಂದು ಕಾಗದ ಹೇಳುತ್ತಿತ್ತು. ಅಧ್ಯಕ್ಷತೆ ವಹಿಸಿದವರು ಎಂಬಲ್ಲಿ ಅವಳ ಹೆಸರು, ಹಾಜರಿದ್ದವರು ಎಂಬಲ್ಲಿ ಅವಳ ಹೆಸರು, ಸೂಚಿಸಿದವರು ಅವಳು, ಅನುಮೋದಿಸಿದವರೂ ಅವಳೇ. ಕಂಪನಿಗೆ ಬಂದ ಲಾಭದಲ್ಲಿ ಷೇರುದಾರರಿಗೆ ಇಷ್ಟು ಡಿವಿಡೆಂಡ್ ಹಂಚತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ವಂದನಾರ್ಪಣೆಯೊಂದಿಗೆ ಸಭೆ ಮುಕ್ತಾಯವಾಯಿತು. ಯಾರು ಯಾರಿಗೆ ವಂದಿಸಿದರು ಎಂದು ಬರೆದಿರಲಿಲ್ಲ. ರುಜು ಹಾಕಬೇಕಾದ ಜಾಗದಲ್ಲಿ ಆಡಿಟರ ಕಚೇರಿಯವರು ಪೆನ್ಸಿಲಿನಲ್ಲಿ ಪುಟ್ಟ ಗುರುತು ಮಾಡಿದ್ದರು, ಓದು ಬಾರದವರಿಗೆ ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ತೋರಿಸುವ ಹಾಗೆ.

ವರ್ಷದ ಹಿಂದೆ ಅವಳಿಗೆ ಕಂಪನಿ ಇರಲಿಲ್ಲ, ಕೆಲಸ ಇತ್ತು. ಹದಿನೆಂಟು ವರ್ಷ ಲಿಫ್ಟುಗಳನ್ನು ಪರೀಕ್ಷೆ ಮಾಡುವ ಕೆಲಸ. ಕಟ್ಟಡದ ನೆತ್ತಿಯ ಮೆಷಿನ್ ರೂಮಿಗೆ ಏಣಿ ಹತ್ತಿ ಉಕ್ಕಿನ ಹಗ್ಗದ ಸವೆತ ಅಳೆಯುವುದು, ಲಿಫ್ಟಿನ ನೆತ್ತಿಯ ಮೇಲೆ ನಿಂತು ಅಡಿ ಅಡಿಯಾಗಿ ಇಳಿಯುತ್ತ ಗೋಡೆಯ ಕಂಬಿಗಳನ್ನು ನೋಡುವುದು, ಕೊನೆಗೆ ಎಲ್ಲಕ್ಕಿಂತ ಕೆಳಗಿನ ಗುಂಡಿಗಿಳಿದು ಮೊಣಕಾಲೂರಿ ಟಾರ್ಚು ಹಿಡಿಯುವುದು. ಆಮೇಲೆ ಒಂದು ದಿನ ಪರೀಕ್ಷೆ ವಿಭಾಗದ ಹನ್ನೊಂದು ಜನರನ್ನೂ ಕರೆದು ಕೂರಿಸಿ, ಬಿಸ್ಕತ್ತು ಕೊಟ್ಟು, ನೀವೆಲ್ಲ ರಾಜೀನಾಮೆ ಕೊಟ್ಟು ನಿಮ್ಮದೇ ಕಂಪನಿ ನೋಂದಾಯಿಸಿಕೊಳ್ಳಿ, ಇದೇ ಕೆಲಸವನ್ನು ನಿಮ್ಮ ಕಂಪನಿಗೇ ದಿನದ ಲೆಕ್ಕದಲ್ಲಿ ಕೊಡುತ್ತೇವೆ ಎಂದರು. ಇನ್ನು ಮೇಲೆ ನೀವು ಯಾರ ಕೈಕೆಳಗೂ ಇಲ್ಲ ಎಂದೂ ಹೇಳಿದರು. ಹೇಳಿದವನು ಅವಳ ಕೈಕೆಳಗೆ ಕೆಲಸ ಕಲಿತವನು, ಈಗ ಮ್ಯಾನೇಜರು. ಅವಳು ಬಿಸ್ಕತ್ತು ತಿಂದಳು. ತಿಂದದ್ದು ಯಾಕೆಂದು ಇವತ್ತಿಗೂ ತಿಳಿಯದು. ಕೈ ಚಾಚಿ ಎರಡನೆಯದನ್ನೂ ತೆಗೆದುಕೊಂಡಿದ್ದಳು.

ಕಂಪನಿ ನೋಂದಾಯಿಸಿದ್ದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂರುವ ಈ ಆಡಿಟರು. ಷೇರು ಎಷ್ಟಿರಲಿ ಎಂದು ಅವರು ಕೇಳಿದಾಗ ಅವಳು ಗಂಡನ ಕಡೆ ನೋಡಿದಳು. ಎರಡೇ ಸಾಕು ಎಂದು ಅವರೇ ಅಂದರು, ಒಂದು ನಿಮ್ಮದು, ಒಂದು ಸರ್ ಅವರದು, ನಿರ್ದೇಶಕಿ ಮಾತ್ರ ನೀವೊಬ್ಬರೇ, ಸರ್‌ಗೆ ಬೇರೆ ಆದಾಯ ಇಲ್ಲವಲ್ಲ, ಅವರ ಹೆಸರಿಗೆ ಹೋದ ಭಾಗಕ್ಕೆ ತೆರಿಗೆ ಹೆಚ್ಚುಕಮ್ಮಿ ಬೀಳುವುದೇ ಇಲ್ಲ. ಗಂಡ ಪಕ್ಕದ ಕುರ್ಚಿಯಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದ. ಅವನ ಗಡಿಯಾರದ ಅಂಗಡಿ ಮುಚ್ಚಿ ಆಗ ಒಂದೂವರೆ ವರ್ಷ. ಮುಚ್ಚಿದ ಮೇಲೆ ಅವನು ಮನೆಯಲ್ಲಿ ನಡೆಯುವ ರೀತಿಯೇ ಬದಲಾಗಿತ್ತು, ಹಿಮ್ಮಡಿ ನೆಲಕ್ಕೆ ಊರದೆ, ಬಾಡಿಗೆ ಕೊಡದ ಮನೆಯಲ್ಲಿ ಇರುವವನ ಹಾಗೆ. ಅದನ್ನು ನೋಡಲಾರದೆ ಅವಳು, ಹಾಗೇ ಮಾಡಿ, ತೆರಿಗೆ ಉಳಿಯುತ್ತಲ್ಲ, ಎಂದಿದ್ದಳು. ಅವನು ಕಿಟಕಿಯಿಂದ ಮುಖ ತಿರುಗಿಸಿ, ಎಲ್ಲಿ ರುಜು ಹಾಕಬೇಕು ಎಂದಿದ್ದ.

ಅಂದಿನಿಂದ ಅವನ ಹಿಮ್ಮಡಿ ನೆಲಕ್ಕೆ ತಾಗಿತು, ನಿಜ. ಅದೂ ಅವಳಿಗೆ ಬೇಕಾಗಿದ್ದೇ. ಆದರೆ ಹಿಮ್ಮಡಿ ಸಪ್ಪಳ ಮಾಡತೊಡಗುತ್ತದೆಂದು ಅವಳು ಎಣಿಸಿರಲಿಲ್ಲ. ನೆಂಟರ ಮನೆಯ ಊಟದಲ್ಲಿ ಯಾರೋ, ಈಗ ಏನು ಮಾಡ್ಕೊಂಡಿದ್ದೀರಿ ಎಂದು ಕೇಳಿದ್ದಕ್ಕೆ ಅವನು, ಲಿಫ್ಟಿನದ್ದು ಒಂದು ಸಣ್ಣ ಕಂಪನಿ ಮಾಡ್ಕೊಂಡಿದ್ದೀವಿ, ಎಂದ. ಅವಳು ಎದುರಿನ ಸಾಲಿನಲ್ಲಿ ಕೂತಿದ್ದಳು. ಲಿಫ್ಟಿನದ್ದು ಎಂದರೆ ಮಾರೋದಾ ಎಂದು ಅವರು ಕೇಳಿದರೆ, ಇಲ್ಲ, ಪರೀಕ್ಷೆ, ತುಂಬ ಜವಾಬ್ದಾರಿ ಕೆಲಸ, ಜನರ ಪ್ರಾಣ ನಮ್ಮ ಕೈಯಲ್ಲಿರುತ್ತೆ, ಎಂದು ತನ್ನ ಕೈಯನ್ನು ಸ್ವಲ್ಪ ಮೇಲೆತ್ತಿ ತೋರಿಸಿದ. ಸ್ವಚ್ಛವಾದ, ಉದ್ದ ಬೆರಳಿನ, ಚಿಕ್ಕ ಚಿಕ್ಕ ತಿರುಪುಗಳನ್ನು ಬಿಚ್ಚಿ ಕೂಡಿಸಿದ ಕೈ. ಅವಳ ಉಗುರಿನ ಸಂದಿಯಲ್ಲಿ ಅವತ್ತು ಬೆಳಿಗ್ಗೆಯ ಗ್ರೀಸು ಇತ್ತು. ಸೋಪಿಗೂ ಹೋಗದ ಗ್ರೀಸು. ಅವಳು ಬೆರಳು ಮಡಚಿಕೊಂಡಳು. ಮಡಚಿಕೊಂಡದ್ದಕ್ಕೆ ಈಗ ಅವಳಿಗೆ ಅವನ ಮೇಲಲ್ಲ, ತನ್ನ ಮೇಲೆ ಸಿಟ್ಟು ಬಂತು.

ಹತ್ತೂವರೆಗೆ ಆಡಿಟರಿಗೆ ಫೋನು ಮಾಡಿದಳು. ನಾಲ್ಕು ನಡಾವಳಿಯಲ್ಲಿ ಬರೆದ ಮೊತ್ತಗಳು ಎಲ್ಲಿಂದ ಬಂದವು ಎಂದು ಕೇಳಿದ್ದಕ್ಕೆ ಅವರು ನಿಧಾನವಾಗಿ, ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದರು. ಮೇಡಂ, ನೀವು ವರ್ಷವಿಡೀ ಕಂಪನಿಯ ಖಾತೆಯಿಂದ ಮನೆಗೆಂದು ಹಣ ತೆಗೆದಿದ್ದೀರಿ, ಬಾಡಿಗೆಗೆ, ಕರೆಂಟಿಗೆ, ಸರ್ ಹಲ್ಲಿನ ಆಸ್ಪತ್ರೆಗೆ. ಹೊಸದಾಗಿ ಕಂಪನಿ ಮಾಡಿದವರೆಲ್ಲ ಮಾಡುವ ತಪ್ಪು ಇದು. ಕಂಪನಿಯ ಹಣ ಕಂಪನಿಯದು, ನಿಮ್ಮದಲ್ಲ. ನೀವು ತೆಗೆದದ್ದೆಲ್ಲ ಈಗ ಕಂಪನಿಯಿಂದ ನೀವು ಪಡೆದ ಸಾಲ ಎಂದಾಗುತ್ತದೆ, ಅದರ ಮೇಲೆ ದಂಡ ಬೀಳುತ್ತದೆ. ಅದಕ್ಕೇ ಅದನ್ನೆಲ್ಲ ಡಿವಿಡೆಂಡ್ ಎಂದು ತೋರಿಸಿಬಿಟ್ಟಿದ್ದೇನೆ, ಆಯಾ ಕಾಲಕ್ಕೆ ಸಭೆ ಸೇರಿ ಹಂಚಿದ ಹಾಗೆ. ಮತ್ತೆ ನಮ್ಮ ಯಜಮಾನರಿಗೆ ಬರೆದ ಮೊತ್ತ, ಎಂದು ಅವಳು ಕೇಳಿದಳು. ಅದು ಬರೆಯಲೇಬೇಕಲ್ಲ ಮೇಡಂ, ಎರಡೂ ಒಂದೇ ಜಾತಿಯ ಷೇರು, ಒಂದಕ್ಕೆಷ್ಟೋ ಇನ್ನೊಂದಕ್ಕೂ ಅಷ್ಟೇ, ನೀವು ತೆಗೆದಷ್ಟೇ ಅವರಿಗೂ ಸಲ್ಲಬೇಕು, ಎಂದರು.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಮನೆ ನಡೆಸಲು ತೆಗೆದ ಹಣವಷ್ಟೂ ಅವಳ ಪಾಲು. ಆ ಮನೆಯಲ್ಲೇ ಇದ್ದು, ಆ ಬಾಡಿಗೆಯಲ್ಲೇ ಮಲಗಿ, ಆ ಹಣದಲ್ಲೇ ಹಲ್ಲು ಕಟ್ಟಿಸಿಕೊಂಡವನಿಗೆ ಈಗ ಅಷ್ಟೇ ಮೊತ್ತ ಬೇರೆಯಾಗಿ, ಇಡಿಯಾಗಿ, ಕೈಗೆ. ಸಂಬಳ ಅಂತ ತೋರಿಸಿದರೆ ಏನಾಗುತ್ತೆ ಎಂದು ಕೇಳಿದಳು. ಆಡಿಟರು ನಕ್ಕರು. ಮೂರರಲ್ಲೊಂದು ಭಾಗ ತೆರಿಗೆಗೇ ಹೋಗುತ್ತೆ ಮೇಡಂ, ಕೈಯಾರೆ ಬೀದಿಗೆ ಚೆಲ್ಲಿದ ಹಾಗೆ, ಯಾರೂ ಹಾಗೆ ಮಾಡೋದಿಲ್ಲ. ಆ ಸಭೆಗಳು ನಡೆದಿಲ್ಲವಲ್ಲ ಎಂದು ಅವಳು ಅಂದಳು. ಕಾಗದ ಇದ್ದರೆ ಸಾಕು, ಸಭೆಯನ್ನ ಯಾರು ನೋಡುತ್ತಾರೆ. ಆಮೇಲೆ, ಮಾತು ಮುಗಿಸುವ ಸಲುಗೆಯಲ್ಲಿ, ಸರ್ ಹೋದ ವಾರವೇ ಬಂದಿದ್ದರಲ್ಲ, ಎಂದರು. ಅವರ ಪಾಲನ್ನು ಅವರ ತಮ್ಮನ ಖಾತೆಗೆ ನೇರ ಹಾಕಬಹುದಾ ಎಂದು ಕೇಳಿದರು, ಕಾರು ತೊಳೆಯುವ ಜಾಗಕ್ಕೆ ಮುಂಗಡ ಕೊಡಬೇಕಂತಲ್ಲ, ಇಲ್ಲ, ಮೊದಲು ಸರ್ ಹೆಸರಿಗೇ ಬರಬೇಕು, ಆಮೇಲೆ ಅವರಿಷ್ಟ ಎಂದೆ. ಅವರ ದನಿ ಸ್ವಲ್ಪ ತಗ್ಗಿತು.

"ಏನಿದ್ರೂ ಸರ್ ಹತ್ರ ಒಂದ್ಸಲ ಕೇಳಿಬಿಟ್ಟು ಹೇಳಿ ಮೇಡಂ."

ಫೋನು ಇಟ್ಟ ಮೇಲೂ ಆ ಮಾತು ಕಿವಿಯಲ್ಲಿ ಉಳಿಯಿತು. ಬಾಗಿಲು ತೆರೆದರೆ ಸೇಲ್ಸಿನವನು ಮನೆಯೊಳಗೆ ಇಣುಕಿ, ಯಜಮಾನ್ರು ಇಲ್ವಾ ಎನ್ನುವಾಗಿನ ಮಾತು. ಮೊದಲ ನಡಾವಳಿಯ ತಾರೀಖಿನ ಮೇಲೆ ಅವಳ ಬೆರಳಿತ್ತು. ಅವತ್ತು ಮಂಗಳವಾರ. ಅವತ್ತಿನ ದಿನಚರಿ ತೆಗೆದು ನೋಡಬೇಕಾಗಿಯೇ ಇರಲಿಲ್ಲ, ಅವಳಿಗೆ ನೆನಪಿತ್ತು. ಆಸ್ಪತ್ರೆಯೊಂದರ ಹಾಸಿಗೆ ಸಾಗಿಸುವ ದೊಡ್ಡ ಲಿಫ್ಟು. ಗುಂಡಿಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಎಲ್ಲಿಂದ ಬಂದ ನೀರು ಎಂದು ಅವಳು ಬಗ್ಗಿ ನೋಡುತ್ತಿದ್ದಾಗ ಮೇಲೆ ಬಾಗಿಲ ಅಂಚಿನಲ್ಲಿ ಎರಡು ಪಾಲಿಷ್ ಮಾಡಿದ ಬೂಟುಗಳು ಬಂದು ನಿಂತವು. ಬೂಟುಗಳ ಒಡೆಯ ಇನ್ಯಾರಿಗೋ, ಇನ್‌ಸ್ಪೆಕ್ಟರ್ ಇನ್ನೂ ಬಂದಿಲ್ವಾ ಎಂದು ಕೇಳಿದ. ಕೆಳಗೆ ಯಾರೋ ಕ್ಲೀನಿಂಗಿನವಳು ಇಳಿದಿದ್ದಾಳೆ ಎಂದು ಇನ್ನೊಂದು ದನಿ ಹೇಳಿತು. ಅವಳು ನೀರಿನಲ್ಲೇ ನಿಂತು, ಅಡಿಯ ಸ್ಪ್ರಿಂಗಿನ ತುಕ್ಕನ್ನು ಪೂರ್ತಿ ನೋಡಿ, ಬರೆದುಕೊಂಡು, ಆಮೇಲೆ ಏಣಿ ಹತ್ತಿ ಬಂದು ಆ ಬೂಟುಗಳ ಮುಂದೆ ನಿಂತು, ಈ ಲಿಫ್ಟನ್ನು ಈಗಿನಿಂದಲೇ ನಿಲ್ಲಿಸುತ್ತಿದ್ದೇನೆ ಎಂದಳು. ಆ ಕ್ಷಣದಲ್ಲಿ ಅವಳಿಗೆ ಎಷ್ಟು ಸುಖವಾಗಿತ್ತು. ಆ ಕ್ಷಣದಲ್ಲಿ, ಅದೇ ಗಂಟೆಗೆ, ಈ ಕಾಗದದ ಪ್ರಕಾರ ಅವಳು ಇಲ್ಲಿ, ಈ ಊಟದ ಮೇಜಿನ ಹತ್ತಿರ ಅಧ್ಯಕ್ಷತೆ ವಹಿಸಿ ತನ್ನ ಕೂಲಿಯಲ್ಲಿ ಅರ್ಧವನ್ನು ಗಂಡನಿಗೆ ಸರ್ವಾನುಮತದಿಂದ ಹಂಚುತ್ತಿದ್ದಳು.

ಎರಡನೆಯ ನಡಾವಳಿಯ ತಾರೀಖಿನಂದು ಹಳೆಯ ಕಚೇರಿಗೆ ಬಿಲ್ಲು ಕೊಡಲು ಹೋಗಿದ್ದಳು. ಹದಿನೆಂಟು ವರ್ಷ ಓಡಾಡಿದ ಗೇಟಿನಲ್ಲಿ ಕೊರಳಿಗೆ ಸಂದರ್ಶಕರ ಪಟ್ಟಿ ಹಾಕಿಸಿಕೊಂಡಳು. ಕ್ಯಾಂಟೀನಿನಲ್ಲಿ ತಟ್ಟೆ ತೆಗೆದುಕೊಂಡಾಗ, ಹೊರಗಿನವರಿಗೆ ಕೂಪನ್ನು ಬೇಕು ಮೇಡಂ ಎಂದು ಬಡಿಸುವವಳು ತಾನೇ ನಾಚಿಕೊಂಡು ಹೇಳಿದಳು. ಮ್ಯಾನೇಜರು ದೂರದ ಮೇಜಿನಿಂದ, ನಮ್ಮ ಎಂ.ಡಿ. ಮೇಡಂ ಬಂದರು, ನನ್ನ ಲೆಕ್ಕದಲ್ಲಿ ಹಾಕು, ಎಂದು ಕೂಗಿ ಎಲ್ಲರನ್ನೂ ನಗಿಸಿದ. ಅವಳೂ ನಕ್ಕಳು. ತಟ್ಟೆ ಹಿಡಿದು ಎಲ್ಲಿ ಕೂರುವುದೆಂದು ನೋಡುವಾಗ ಕಿಟಕಿ ಪಕ್ಕದ ಆ ಮೇಜು ಕಂಡಿತು, ಹಿಂದೆ ಅವಳ ಜೊತೆ ಲಿಫ್ಟು ಪರೀಕ್ಷೆ ಮಾಡುತ್ತಿದ್ದ ಹಾಡುಗಾರ ಕೂರುತ್ತಿದ್ದ ಮೇಜು. ಅವನ ನಿಜವಾದ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಲಿಫ್ಟು ಏರಿಳಿಯುವ ಬಾವಿಯೊಳಗೆ ದನಿ ಚೆನ್ನಾಗಿ ಗುಯ್ಯೆನ್ನುತ್ತದೆ ಎಂದು ಅಲ್ಲಿ ನಿಂತು ಹಾಡುತ್ತಿದ್ದ, ಮಹಡಿ ಮಹಡಿಯಲ್ಲಿ ಜನ ಬಾಗಿಲಿಗೆ ಕಿವಿ ಕೊಡುತ್ತಿದ್ದರು. ಒಂದು ಮಧ್ಯಾಹ್ನ ಅವನು ಟೀ ಅಂಗಡಿಯಲ್ಲಿ ಕೂತು, ಹೋಗದೆ ಇದ್ದ ಮೂರು ಕಟ್ಟಡಗಳ ವರದಿ ಬರೆದು ರುಜು ಹಾಕಿದ್ದನ್ನು ಅವಳು ನೋಡಿದಳು. ಮಗಳಿಗೆ ಹುಷಾರಿಲ್ಲ ಕಣಮ್ಮ, ನಾಳೆ ಹೋಗಿ ನೋಡಿಬಿಡ್ತೀನಿ, ಇವತ್ತಿನ ತಾರೀಖು ಇರಲಿ ಅಷ್ಟೇ, ಎಂದ. ಅವಳು ಆ ದಿನವೇ ಮೇಲಿನವರಿಗೆ ಬರೆದು ಕೊಟ್ಟಳು. ಆ ಮೂರು ಲಿಫ್ಟುಗಳಲ್ಲಿ ಏನೂ ದೋಷ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅವನ ಕೆಲಸ ಹೋಯಿತು. ಲೆಕ್ಕ ಚುಕ್ತ ಮಾಡಿಸಿಕೊಳ್ಳಲು ಅವನ ಹೆಂಡತಿ ಕಚೇರಿಗೆ ಬಂದವಳು ಅವಳ ಮೇಜಿನ ಮುಂದೆ ಒಂದು ಗಳಿಗೆ ನಿಂತಳು, ಬಯ್ಯಲಿಲ್ಲ, ಅಳಲಿಲ್ಲ, ಮಾರ್ಕೆಟ್ಟಿನಲ್ಲಿ ದರ ಕೇಳಿ ಕೊಳ್ಳದೆ ಹೋಗುವವಳ ಹಾಗೆ ಮುಖ ನೋಡಿ ಹೋದಳು. ಅವನಿಗೆ ಹಾಗೆ ಮಾಡಿದ ಕೈ ಈಗ ಪೆನ್ಸಿಲಿನ ಗುರುತಿನ ಮೇಲಿತ್ತು. ಒಂದಲ್ಲ, ನಾಲ್ಕು ಸುಳ್ಳು ರುಜು. ಅವನಾದರೂ ಮಗಳಿಗೋಸ್ಕರ ಹಾಕಿದ.

ಮೂರನೆಯ ನಡಾವಳಿಯ ತಾರೀಖಿನಂದು ಅವಳು ಜ್ವರ ಬಂದು ಮಲಗಿದ್ದಳು. ನಾಲ್ಕನೆಯದು ಭಾನುವಾರ. ಅವತ್ತು ಏನು ಮಾಡುತ್ತಿದ್ದಳೋ ನೆನಪಿಲ್ಲ, ಪ್ರಾಯಶಃ ಬಟ್ಟೆ ಒಗೆಯುತ್ತಿದ್ದಳು.

ಗಂಡ ಹೊರಗಿನಿಂದ ಬಂದ. ಚಪ್ಪಲಿ ಬಿಟ್ಟು, ತಂದ ತರಕಾರಿ ಚೀಲವನ್ನು ಅಡಿಗೆಮನೆಯಲ್ಲಿಟ್ಟು, ಸಿಂಕಿನ ನಲ್ಲಿ ತಿರುಗಿಸಿದ ಸದ್ದಾಯಿತು, ಕೈ ತೊಳೆದ, ಲೋಟಗಳನ್ನೂ ತೊಳೆದ ಹಾಗೆ ಕೇಳಿಸಿತು. ಮೇಜಿನ ಮೇಲಿನ ಲೋಟಕ್ಕೆ ಬಂದವನು ಅವಳನ್ನು ಕಂಡು ನಿಂತ. ಇವತ್ತು ಕೆಲಸ ಇಲ್ವಾ ಎಂದು ಕೇಳಿದ. ಸಭೆ ಇದೆ ಎಂದಳು. ಯಾರ ಜೊತೆ ಎಂದ. ನನ್ನ ಜೊತೆ ಎಂದಳು.

"ಸರಿ ಹಾಗಾದ್ರೆ," ಎಂದು ಅವನು ಲೋಟ ಎತ್ತಿಕೊಂಡು ನಕ್ಕ. "ಬೇಗ ಮುಗಿಸಿ. ಇಬ್ಬರೂ ಜಗಳ ಆಡ್ಬೇಡಿ."

ಬೇರೆ ಯಾವ ದಿನವಾದರೂ ಅವಳು ನಗುತ್ತಿದ್ದಳು. ಅವನ ಮಾತೇ ಹಾಗೆ, ಅಂಗಡಿ ಮುಚ್ಚಿದ ದಿನ ಕೂಡ ಗೋಡೆಯ ಗಡಿಯಾರಗಳನ್ನು ಇಳಿಸುತ್ತ, ಇನ್ನು ನಮಗೆ ಟೈಮೇ ಟೈಮು, ಎಂದು ಅವಳನ್ನು ಅಳುವಿನ ನಡುವೆ ನಗಿಸಿದ್ದ. ಅವಳ ತುಟಿ ಈಗಲೂ ಒಂದಿಷ್ಟು ಅತ್ತ ಹೋಗಿ ಬಂತು. ತುಟಿಗೆ ತನ್ನ ಅಪ್ಪಣೆ ಬೇಕಿಲ್ಲವೆಂಬುದು ಅವಳನ್ನು ಇನ್ನಷ್ಟು ಕೆರಳಿಸಿತು. ಅವನು ಲಕೋಟೆ ನೋಡಿ, ಓ ಬಂತಾ ಎನ್ನುತ್ತ ಕುರ್ಚಿ ಎಳೆದು ಕೂತು, ಕಾಗದಗಳ ಕಡೆ ಕೈ ಚಾಚಿದ. ಅವಳು ಅಂಗೈ ಅಡ್ಡ ಇಟ್ಟಳು. ಆಡಿಟರು ಎಲ್ಲಾ ಮಾಡಿಕೊಟ್ಟಿದ್ದಾರಲ್ಲ, ರುಜು ಹಾಕಿದರೆ ಆಯಿತಲ್ಲ ಎಂದು ಅವನು ಹೇಳಿದ. ಈ ಸಭೆಗಳು ನಡೆದಿಲ್ಲ ಎಂದು ಅವಳು ಹೇಳಿದಳು. ನಡೆಯೋಕೇನು, ನೀನೊಬ್ಬಳೇ ಇರೋದು, ನಿನ್ನ ತಲೆಯಲ್ಲಿ ನಡೆದಿರುತ್ತೆ ಬಿಡು ಎಂದ.

"ನಿಮ್ಮ ತಮ್ಮನಿಗೆ ಮಾತು ಕೊಟ್ಟಿದ್ದೀರಂತೆ."

ಅವನು ಕೈ ಹಿಂದೆಗೆದುಕೊಂಡ. ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ. ಹೇಳೋಣ ಅಂತಲೇ ಇದ್ದೆ ಎಂದು ಶುರು ಮಾಡಿ, ತಮ್ಮ ಆಗಲೇ ಸಾಲ ಮಾಡಿ ಅರ್ಧ ಮುಂಗಡ ಕಟ್ಟಿಬಿಟ್ಟಿದ್ದಾನೆ, ಒಳ್ಳೆಯ ಜಾಗ, ತಿರುವಿನಲ್ಲೇ ಇದೆ, ಯಂತ್ರ ಎರಡು ಬಂದರೆ ದಿನಕ್ಕೆ ಇಷ್ಟು ಕಾರು, ತನ್ನನ್ನೂ ಪಾಲಿಗೆ ಸೇರಿಸಿಕೊಳ್ಳುತ್ತಾನೆ, ತನಗೂ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಆಗುತ್ತದೆ, ಎಂದೆಲ್ಲ ಹೇಳಿದ. ಕೊನೆಯ ಮಾತು ಹೇಳುವಾಗ ಅವಳ ಮುಖ ನೋಡಲಿಲ್ಲ. ಅವಳಿಗೆ ಆ ಮಾತು ತಾಗಿತು. ತಾಗಿದ್ದನ್ನು ಅವಳು ಒಳಗೇ ಹಿಡಿದು ನಿಲ್ಲಿಸಿದಳು. ಮೊದಲೇ ಕೇಳಿದ್ದರೆ ತಾನು ಕೊಡುತ್ತಿದ್ದೆನೇ? ಕೊಡುತ್ತಿದ್ದೆನೇನೋ. ಕೇಳಬೇಕಾಗಿಲ್ಲ ಎಂದು ಅವನು ಎಣಿಸಿದ್ದೇ, ಆಡಿಟರ ಮೆಟ್ಟಿಲನ್ನು ಒಬ್ಬನೇ ಹತ್ತಿ ಹೋಗಿದ್ದೇ, ಇಬ್ಬರು ಗಂಡಸರು ಕನ್ನಡಕದ ಅಂಗಡಿಯ ಮೇಲೆ ಕೂತು ಅವಳ ಮೊಣಕಾಲಿನ ನೋವನ್ನು ಯಾವ ಖಾತೆಗೆ ಹಾಕುವುದೆಂದು ಮಾತಾಡಿಕೊಂಡಿದ್ದೇ ಅವಳ ಕಣ್ಣ ಮುಂದೆ ನಿಂತಿತು.

"ಅದು ನನ್ನ ಪಾಲು ಕಣೇ," ಎಂದ ಅವನು, ಮೆತ್ತಗೆ. "ನಿನ್ನದರಲ್ಲಿ ನಾನೇನೂ ಕೇಳ್ತಾ ಇಲ್ಲ."

ನನ್ನದು ಅಂದರೆ ಯಾವುದು, ಎಂದು ಕೇಳಿದಳು. ಬಾಡಿಗೆ ನನ್ನದಾ, ಕರೆಂಟು ನನ್ನದಾ, ನಿಮ್ಮ ಹಲ್ಲು ನನ್ನದಾ. ಹಲ್ಲಿನ ಮಾತು ಬಾಯಿಂದ ಬಂದಮೇಲೆ ಇಷ್ಟು ಅಗ್ಗದ ಮಾತು ಆಡಬಾರದಿತ್ತು ಅನ್ನಿಸಿತು, ಆದರೆ ಆಡಿಯಾಗಿತ್ತು. ಅವನು ಬಾಯಿ ಮುಚ್ಚಿಕೊಂಡ, ನಿಜವಾಗಿಯೂ ತುಟಿ ಬಿಗಿದು ಹಲ್ಲನ್ನು ಮರೆಮಾಡಿಕೊಂಡ. ನಾನು ಮನೆಯಲ್ಲಿ ಬಿಟ್ಟಿ ಕೂತಿದ್ದೀನಾ ಎಂದು ಕೇಳಿದ. ಇಲ್ಲ, ಕೂತಿರಲಿಲ್ಲ. ಸಂಜೆಯ ಅಡಿಗೆ ಅವನದು, ತರಕಾರಿ ಅವನದು, ಜ್ವರ ಬಂದಾಗ ಹಣೆಯ ಮೇಲಿದ್ದ ಒದ್ದೆ ಬಟ್ಟೆಯೂ ಅವನ ಕೈಯದು. ಅವಳಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ, ಅದಕ್ಕೆ ಕೂಲಿ ಕೇಳಿ, ಕೊಡ್ತೀನಿ, ಪಾಲು ಅನ್ನಬೇಡಿ, ಎಂದಳು.

ಅವನು ಲೋಟವನ್ನು ದೂರ ಸರಿಸಿದ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಅವತ್ತು ಆ ಆಡಿಟರ್ ಮುಂದೆ, ಇವರಿಗೂ ಒಂದು ಪಾಲು ಇರಲಿ ಅಂತ ನೀನು ಹೇಳಿದ್ಯಾ? ಟ್ಯಾಕ್ಸ್ ಉಳಿಯುತ್ತೆ ಅಂದೆ. ನಾನೊಂದು ಖಾಲಿ ಡಬ್ಬಿ, ಅದರಲ್ಲಿ ನಿನ್ನ ಹಣ ಇಟ್ರೆ ಇರುವೆ ಮುತ್ತಲ್ಲ ಅನ್ನೋ ಹಾಗೆ. ಡಬ್ಬಿಯಾಗೇ ಇರ್ಲಿ ಅಂತ ನಾನೂ ರುಜು ಹಾಕ್ದೆ. ಈಗ ಡಬ್ಬಿ ಮಾತಾಡ್ತು ಅಂತ ನಿನಗೆ ಸಿಟ್ಟು."

ಅದು ನಿಜ. ಅಷ್ಟೂ ನಿಜವಾದ್ದರಿಂದಲೇ ಅವಳ ಸಿಟ್ಟು ಇಮ್ಮಡಿಯಾಯಿತು. ಅವನು ಸುಳ್ಳು ಹೇಳಿದ್ದರೆ ಅದನ್ನು ಎತ್ತಿ ಅವನ ಮೇಲೇ ಎಸೆಯಬಹುದಿತ್ತು. ಅವಳು ಅವನಿಗೆ ಕೊಟ್ಟದ್ದು ಪ್ರೀತಿಯಿಂದಲೋ ಕನಿಕರದಿಂದಲೋ ತೆರಿಗೆಯ ಆಸೆಯಿಂದಲೋ, ಮೂರನ್ನೂ ಒಂದರೊಳಗೊಂದು ಸುತ್ತಿ, ಮೇಲಿನ ಕಾಗದ ಮಾತ್ರ ಕಾಣುವ ಹಾಗೆ ಕೊಟ್ಟಿದ್ದಳು. ಅವನು ಬಿಚ್ಚಿ ನೋಡಿದ್ದ. ನೋಡಿಯೂ ವರ್ಷವಿಡೀ ಸುಮ್ಮನಿದ್ದು, ನೆಂಟರೆದುರು ಕೈ ಎತ್ತಿ ತೋರಿಸಿದ್ದ. ಅವನಿಗೆ ಅನ್ಯಾಯವಾಗಿದ್ದರೆ ಅದಕ್ಕೆ ಬೇರೆ ಮಾತಿದೆ, ಅದು ಅವಳಿಂದ ಬರಬೇಕಾದ ಮಾತು, ಬಹುಶಃ ಕ್ಷಮೆ. ಆದರೆ ಅದಕ್ಕೆ ಅವಳ ಒಂದು ವರ್ಷ ಬೆಲೆಯಲ್ಲ. ಗುಂಡಿಯ ನೀರು ಬೆಲೆಯಲ್ಲ. ಇದನ್ನು ಅವನಿಗೆ ಹೇಗೆ ಹೇಳುವುದೆಂದು ತಿಳಿಯದೆ ಅವಳು ನಾಲ್ಕು ನಡಾವಳಿಗಳನ್ನೂ ಜೋಡಿಸಿ, ಅಡ್ಡಕ್ಕೆ ಹರಿದು, ಮತ್ತೆ ಹರಿದು, ಲಕೋಟೆಯೊಳಗೇ ಹಾಕಿದಳು. ಬಿಳಿ ಹಾಳೆಯೊಂದನ್ನು ತೆಗೆದುಕೊಂಡು ವರದಿ ಬರೆಯುವ ಅಕ್ಷರದಲ್ಲಿ, ದುಂಡಗೆ, ಬರೆಯತೊಡಗಿದಳು. ಇವತ್ತಿನ ತಾರೀಖು. ಗಂಟೆ ಹನ್ನೊಂದೂ ಮುಕ್ಕಾಲು. ಸ್ಥಳ, ಮನೆಯ ಊಟದ ಮೇಜು. ಹಾಜರಿದ್ದವರು ಒಬ್ಬರು.

ಏನು ಬರೀತಿದ್ದೀಯ ಎಂದು ಅವನು ಕೇಳಿದ. ಅವಳು ಬರೆಯುತ್ತಲೇ ಓದಿ ಹೇಳಿದಳು. ಈ ವರ್ಷ ಡಿವಿಡೆಂಡ್ ಹಂಚತಕ್ಕದ್ದಲ್ಲ. ನಿರ್ದೇಶಕಿಯು ಮನೆಗೆಂದು ತೆಗೆದ ಹಣವನ್ನು ಆಕೆಯ ಸಂಬಳವೆಂದು ತೋರಿಸಿ, ಅದಕ್ಕೆ ಬೀಳುವ ತೆರಿಗೆಯನ್ನು ಕಟ್ಟತಕ್ಕದ್ದು. ಉಳಿದದ್ದು ಕಂಪನಿಯಲ್ಲೇ ಇರತಕ್ಕದ್ದು. ಅವನು ಎದ್ದು ನಿಂತ. ಹುಚ್ಚು ಹಿಡಿದಿದೆಯಾ, ಮೂರರಲ್ಲೊಂದು ಭಾಗ ಹೋಗುತ್ತೆ ಎಂದ. ಅಂದರೆ ಅವನು ಆಡಿಟರ ಹತ್ತಿರ ಅದನ್ನೂ ಕೇಳಿಕೊಂಡು ಬಂದಿದ್ದ.

"ಸರ್ಕಾರಕ್ಕೆ ಕೊಡ್ತೀಯ, ನನಗೆ ಕೊಡಲ್ಲ."

"ಸರ್ಕಾರ ನನ್ನ ಹೆಸರು ಬರೆದು ರಸೀದಿ ಕೊಡುತ್ತೆ."

ಅವನು ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ಬಂದ. ತಮ್ಮನಿಗೆ ಏನು ಹೇಳಲಿ ಎಂದು ಕೇಳಿದ. ಆ ಪ್ರಶ್ನೆಯಲ್ಲಿ ಜಗಳವಿರಲಿಲ್ಲ, ಬರೀ ದಿಕ್ಕು ತೋಚದ ಗೊಂದಲವಿತ್ತು, ಹಣ್ಣಾದ ಮನುಷ್ಯನೊಬ್ಬ ತಿಳಿಯದ ಬೀದಿಯಲ್ಲಿ ನಿಂತು ದಾರಿ ಕೇಳಿದ ಹಾಗೆ. ಹೆಂಡತಿ ಕೊಡಲಿಲ್ಲ ಅಂತ ಹೇಳಿ, ಎಂದಳು ಅವಳು, ತಲೆಯೆತ್ತದೆ. ಅವನು ಒಳಗಿನ ಕೋಣೆಗೆ ಹೋದ. ಅವಳು ರುಜು ಹಾಕಿದಳು. ಹಾಕಿ, ಫೋನಿನಲ್ಲಿ ಹಾಳೆಯ ಚಿತ್ರ ತೆಗೆದು ಆಡಿಟರಿಗೆ ಕಳಿಸಿದಳು. ಎಷ್ಟು ಹೋಯಿತು ಎಂದು ಮನಸ್ಸು ತಾನಾಗಿ ಲೆಕ್ಕ ಹಾಕತೊಡಗಿತು, ಎಷ್ಟು ಲಿಫ್ಟು, ಎಷ್ಟು ಏಣಿ, ಎಷ್ಟು ದಿನ ಬಿಟ್ಟಿ ದುಡಿದ ಹಾಗೆ. ಬಿಡು ಎಂದರೂ ಬಿಡಲಿಲ್ಲ. ಆಡಿಟರಿಂದ ಒಂದೇ ಸಾಲಿನ ಉತ್ತರ ಬಂತು, ಸರ್ ಒಪ್ಪಿದ್ದಾರಾ ಮೇಡಂ. ಅವಳು ಫೋನನ್ನು ಬೋರಲು ಮಾಡಿ ಇಟ್ಟಳು.

ಒಳಗಿನಿಂದ ಗಂಡನ ಮಾತು ಕೇಳುತ್ತಿತ್ತು. ಮೊದಲು ಯೋಗಕ್ಷೇಮ, ಕಾರು ತೊಳೆಯುವ ಜಾಗದ ವಿಷಯ, ಹ್ಞೂ ಹ್ಞೂ ಎನ್ನುವುದು. ಆಮೇಲೆ ದನಿ ತಗ್ಗಿತು, ತಗ್ಗಿದರೂ ಈ ಮನೆಯ ಗೋಡೆಗಳು ಏನನ್ನೂ ತಡೆಯುವಂಥವಲ್ಲ.

"ಇಲ್ಲ ಕಣೋ, ಈ ವರ್ಷ ಆಗಲ್ಲ. ಕಂಪನಿ ಹೊಸದಲ್ವಾ, ಲಾಭ ಅಂತ ಏನೂ ಬಂದಿಲ್ಲ. ಲೆಕ್ಕ ನೋಡಿದ್ರೆ ಎಲ್ಲಾ ಖರ್ಚಿಗೇ ಹೋಗಿದೆ."

ಅವಳು ಕೂತಲ್ಲೇ ಕೂತಿದ್ದಳು. ಬಿಡಬಹುದಿತ್ತು. ಅವನಿಗೆ ಒಂದು ಸುಳ್ಳು ಉಳಿಸಿಕೊಟ್ಟರೆ ತನಗೆ ಹೋಗುವುದೇನು, ತಮ್ಮನ ಮುಂದೆ ಅವನ ಮುಖ ಉಳಿಯುತ್ತದೆ, ಸಂಜೆ ಊಟಕ್ಕೆ ಕೂತಾಗ ಇಬ್ಬರಿಗೂ ಅನ್ನ ಗಂಟಲಲ್ಲಿ ಇಳಿಯುತ್ತದೆ. ಹಣ ಹೇಗೂ ಅವಳು ಕೊಡಲಿಲ್ಲ, ಮಾತನ್ನಾದರೂ ಬಿಟ್ಟುಕೊಡಬಹುದು. ಇಪ್ಪತ್ತೆರಡು ವರ್ಷ ಹೀಗೇ ಬಿಟ್ಟುಕೊಟ್ಟದ್ದು ಅವಳಿಗೆ ಭಾರವೂ ಆಗಿರಲಿಲ್ಲ. ಲಾಭ ಏನೂ ಬಂದಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಹೋದವಳು ಯಾರು ಹಾಗಾದರೆ? ಮೆಷಿನ್ ರೂಮಿನ ಕಾವಿನಲ್ಲಿ ಹಗ್ಗದ ಒಂದೊಂದು ಎಳೆಯನ್ನೂ ಬೆರಳಿನಿಂದ ಮುಟ್ಟಿ ನೋಡಿದವಳು? ಅವಳ ವರ್ಷವನ್ನು ಅರ್ಧ ತೆಗೆದುಕೊಳ್ಳಲು ಹೊರಟಿದ್ದವನು, ಸಿಗದೆ ಹೋದಾಗ, ಇಡಿಯಾಗಿ ಇಲ್ಲವೆನ್ನಿಸಿಬಿಟ್ಟಿದ್ದ. ಎಷ್ಟು ಸಲೀಸಾಗಿ. ಬೈಯುತ್ತಲೂ ಅಲ್ಲ, ಸೇಡಿಗೂ ಅಲ್ಲ, ನಾಚಿಕೆಗೆ.

ಅವಳು ಎದ್ದು ಕೋಣೆಯ ಬಾಗಿಲಿಗೆ ಹೋದಳು. ಅವನು ಮಂಚದ ಅಂಚಿಗೆ ಕೂತು, ಫೋನು ಕಿವಿಗಿಟ್ಟು, ಇನ್ನೊಂದು ಕೈಯಲ್ಲಿ ಹೊದಿಕೆಯ ದಾರ ಎಳೆಯುತ್ತಿದ್ದ. ಅವಳನ್ನು ನೋಡಿ, ದಯವಿಟ್ಟು ಎನ್ನುವಂತೆ ತಲೆಯಾಡಿಸಿದ.

"ಲಾಭ ಬಂದಿದೆ," ಎಂದಳು ಅವಳು, ಫೋನಿನ ಆಚೆಗೂ ಕೇಳುವಷ್ಟು ಗಟ್ಟಿಯಾಗಿ. "ಬಂದಿದೆ. ಕೊಡೋದಿಲ್ಲ ಅಂತ ನಾನು ತೀರ್ಮಾನ ಮಾಡಿದ್ದೀನಿ. ಹಾಗಂತ ಹೇಳಿ."

ಆಚೆಯಿಂದ ಮೈದುನನ ದನಿ ಸಣ್ಣಗೆ, ಅತ್ತಿಗೇನಾ ಅದು, ಏನಂತೆ, ಎಂದು ಕೇಳುತ್ತಿತ್ತು. ಗಂಡ ಫೋನನ್ನು ಎದೆಗೆ ಒತ್ತಿ ಹಿಡಿದು ಅವಳನ್ನೇ ನೋಡಿದ. ಫೋನಿನೊಳಗಿನಿಂದ ಮತ್ತೆ, ಅಣ್ಣಾ, ಎಂದು ಕೇಳಿತು. ಅವನು ಅದನ್ನು ನಿಧಾನವಾಗಿ ಕಿವಿಗೆ ಎತ್ತಿಕೊಂಡ. ಅವನು ಹೇಳುವವರೆಗೂ ಅವಳು ಬಾಗಿಲು ಬಿಟ್ಟು ಕದಲಲಿಲ್ಲ.